ನಿಮಗಾಗಿ ಮಾಡಿದ್ದಲ್ಲ

ವೀರಮಗಾಮ,
ಆಶ್ವಯುಜ ಹುಣ್ಣಿಮೆ, ಮಧ್ಯಾಹ್ನ

ಪೂಜ್ಯ ಸಾಧ್ವಿ ಸೌಮ್ಯರೇಖಾಶ್ರೀಜಿ ಮಹಾರಾಜ್ ಸಾಹೇಬರ ಪಾದಗಳಿಗೆ, ಸಂಸಾರದಲ್ಲಿ ನಿಮ್ಮನ್ನು ಹೆತ್ತ ಕುಂದನ್ ತಲೆಬಾಗಿ ಮಾಡುವ ವಂದನೆಗಳು.

ಸುಖಶಾತೆಯಲ್ಲಿದ್ದೀರಾ? ಖಂಭಾತದ ಉಪಾಶ್ರಯದಲ್ಲಿ ಗಾಳಿ ಬೆಳಕು ಅನುಕೂಲವಾಗಿದೆಯೇ? ಸಂಯಮದ ಯಾತ್ರೆ ವಿಘ್ನವಿಲ್ಲದೆ ಸಾಗುತ್ತಿದೆಯೇ? ಇದಿಷ್ಟು ಪದ್ಧತಿ, ಕೇಳಿದ್ದಾಯಿತು. ಇನ್ನು ನನ್ನ ಪ್ರಶ್ನೆಗಳು. ಮೊಣಕೈ ಮಡಿಕೆಯಲ್ಲಿ ನೀರು ಒಸರುವುದು ನಿಂತಿತೇ? ಕತ್ತಿನ ಹಿಂದೆ ಬಟ್ಟೆ ಅಂಟಿಕೊಳ್ಳುವುದು ಕಡಿಮೆಯಾಯಿತೇ? ಬೆರಳ ಗಂಟುಗಳ ಬಿರುಕು ಕೂಡಿಕೊಂಡಿತೇ? ನಿಮಗೆ ಬರುವ ಪತ್ರವನ್ನು ಮೊದಲು ನಿಮ್ಮ ಗುರುಗಳಾದ ಹಿರಿಯ ಸಾಧ್ವಿ, ದೊಡ್ಡ ಮಹಾರಾಜ್ ಸಾಹೇಬರು ಓದುತ್ತಾರೆಂದು ಗೊತ್ತು. ಓದಲಿ. ಹೆತ್ತವಳು ಮಗಳ ಆತ್ಮದ ಕ್ಷೇಮ ಬಿಟ್ಟು ಚರ್ಮದ ಕ್ಷೇಮ ಕೇಳುತ್ತಾಳೆ ಎಂದು ಅವರು ನಕ್ಕರೂ ನನಗೆ ಬೇಸರವಿಲ್ಲ. ಆತ್ಮವನ್ನು ನೋಡಿಕೊಳ್ಳಲು ಅವರಿದ್ದಾರೆ. ಚರ್ಮಕ್ಕೆ ನನ್ನನ್ನು ಬಿಟ್ಟರೆ ಯಾರೂ ಇರಲಿಲ್ಲ, ಈಗ ನಾನೂ ಇಲ್ಲ.

ಊರಿನ ಸುದ್ದಿ ಎಂದರೆ, ಒಂಬತ್ತು ದಿನದ ಓಳಿ ವ್ರತ ಇವತ್ತಿಗೆ ಮುಗಿಯಿತು. ಈ ಸಲವೂ ಅಷ್ಟೂ ದಿನ ಆಯಂಬಿಲ ಮಾಡಿದೆ. ನಮ್ಮ ಪೋಳದ ಓಣಿಯ ಆಯಂಬಿಲಶಾಲೆಯಲ್ಲಿ ಅದೇ ಬೇಯಿಸಿದ ಹೆಸರುಕಾಳು, ಅದೇ ಒಣ ರೊಟ್ಟಿ, ಅದೇ ಕುದಿಸಿದ ನೀರು. ಹಾಲಿಲ್ಲ, ತುಪ್ಪವಿಲ್ಲ, ಎಣ್ಣೆಯಿಲ್ಲ, ಬೆಲ್ಲವಿಲ್ಲ, ತರಕಾರಿ ಹಣ್ಣು ಕೂಡ ಇಲ್ಲ, ದಿನಕ್ಕೆ ಒಂದೇ ಸಲ ಕೂತು ಉಣ್ಣುವುದು. ಸೊಸೆ ಕೃಪಲ್ ನನ್ನ ಪಕ್ಕದಲ್ಲೇ ಕೂತು ಉಂಡಳು. ನಿಮ್ಮ ತಂದೆ ನನ್ನನ್ನು ಬಾಗಿಲವರೆಗೆ ಬಿಟ್ಟು, "ನೀನು ಕರ್ಮ ಸುಡು, ನಾನು ಅಂಗಡಿ ತೆಗೀತೀನಿ" ಎಂದು ಹೇಳಿ ನೇರ ಗಾಂಠಿಯಾ ಕರಿಯುವವನ ಬಾಣಲೆ ಮುಂದೆ ಹೋಗಿ ನಿಲ್ಲುತ್ತಿದ್ದರು. ಅಂಗಿಯ ಮೇಲೆ ಕಡಲೆಹಿಟ್ಟಿನ ಚೂರು ಇಟ್ಟುಕೊಂಡೇ ಮನೆಗೆ ಬಂದು, ಇವತ್ತು ಹಸಿವೇ ಇಲ್ಲ ಎನ್ನುತ್ತಾರೆ. ಅವರ ಮೇಲೆ ಸಿಟ್ಟು ಮಾಡಿಕೊಳ್ಳುವಷ್ಟು ಕಸುವು ನನಗೀಗ ಇಲ್ಲ.

ಆಯಂಬಿಲಶಾಲೆಯಲ್ಲಿ ಕೂತರೆ ನಿಮ್ಮ ಬಾಲ್ಯವೇ ತಟ್ಟೆಗೆ ಬಂದು ಬೀಳುತ್ತದೆ. ಆಗ ನೀವು ಝರಣಾ. ಆ ಹೆಸರು ಬರೆಯಬಾರದು, ಆದರೆ ಝರಣಾಳ ಮಾತನ್ನು ಬೇರೆ ಯಾವ ಹೆಸರಿನಲ್ಲಿ ಬರೆಯಲಿ? ತೊಟ್ಟಿಲಲ್ಲಿದ್ದಾಗಲೇ ಅವಳ ಕೆನ್ನೆಯ ಮೇಲೆ ಇಸುಬು ಎದ್ದಿತ್ತು. ಮುಲಾಮು ಹಚ್ಚಿದರೆ ಇಳಿಯುವುದು, ಬಿಟ್ಟರೆ ಎರಡರಷ್ಟು ಏಳುವುದು. ಮಲಗುವಾಗ ಕೆರೆದುಕೊಳ್ಳದಿರಲಿ ಎಂದು ಅವಳ ಅಂಗೈಗಳಿಗೆ ನಿಮ್ಮ ತಂದೆಯ ಹಳೆಯ ಕಾಲುಚೀಲ ಕಟ್ಟುತ್ತಿದ್ದೆ. ಕೊನೆಗೆ ಅಮದಾವಾದದ ಒಬ್ಬ ವಯಸ್ಸಾದ ಡಾಕ್ಟರಮ್ಮ ಹೇಳಿದರು, "ಮುಲಾಮು ನಿಲ್ಲಿಸ್ಬೇಡಿ. ಜೊತೆಗೆ ಊಟದಲ್ಲಿ ಒಂದೊಂದಾಗಿ ತೆಗೆದು ನೋಡಿ. ಕೆಲವು ಮಕ್ಕಳಿಗೆ ಗುಣ ಕಾಣುತ್ತೆ, ಕೆಲವರಿಗೆ ಏನೂ ಆಗಲ್ಲ. ನಾನು ಮಾತು ಕೊಡಲ್ಲ." ಮೊದಲು ಹಾಲು ತೆಗೆದೆ. ನಮ್ಮ ಮನೆಯಲ್ಲಿ ಹಾಲು ತೆಗೆಯುವುದೆಂದರೆ ಏನೆಂದು ನಿಮಗೆ ಗೊತ್ತು. ನಿಮ್ಮ ಸೋದರತ್ತೆ ಬಾಗಿಲಲ್ಲೇ ನಿಂತು, "ರೊಟ್ಟಿಗೆ ತುಪ್ಪ ಸವರಲ್ಲ, ಮಗೂಗೆ ಹಾಲು ಕೊಡಲ್ಲ, ನೀನೇನು ತಾಯೀನೋ ಜೈಲಿನ ವಾರ್ಡನ್ನೋ?" ಎಂದು ಇಡೀ ಪೋಳಕ್ಕೆ ಕೇಳುವಂತೆ ಕೇಳಿದರು. ಕೇಳಿಸಿಕೊಂಡೆ. ತುಪ್ಪ ಹೋಯಿತು, ಕರಿದದ್ದು ಹೋಯಿತು, ಸಕ್ಕರೆ ಹೋಯಿತು, ಮೈದಾ ಹೋಯಿತು. ಗಡ್ಡೆ ಗೆಣಸು ಹೇಗೂ ನಮಗಿಲ್ಲ. ಉಳಿದದ್ದು ಹೆಸರುಕಾಳು, ಜೋಳ, ಸಜ್ಜೆ, ಗೋಧಿನುಚ್ಚು, ಸೋರೆಕಾಯಿ, ತೊಂಡೆಕಾಯಿ, ಪರಂಗಿ, ದಾಳಿಂಬೆ, ಒಂದಿಷ್ಟು ಎಳ್ಳು. ಅವಳಿಗೊಂದು ನಮಗೊಂದು ಬೇಡ, ಮಗು ಪಕ್ಕದ ತಟ್ಟೆ ನೋಡಿ ಅಳಬಾರದು ಎಂದು ಮನೆಮಂದಿಗೆಲ್ಲ ಅದನ್ನೇ ಬಡಿಸಿದೆ. ನಿಮ್ಮ ತಂದೆ, "ಪಾಂಜರಾಪೋಳದ ಹಸುಗಳಿಗೆ ಇದಕ್ಕಿಂತ ರುಚಿಯಾಗಿ ಹಾಕ್ತಾರಂತೆ, ನಾಳೆಯಿಂದ ಅಲ್ಲಿಗೇ ಹೋಗ್ತೀನಿ" ಎನ್ನುತ್ತಲೇ ಉಂಡರು. ಮಳೆಗಾಲ ಕಳೆಯುವಷ್ಟರಲ್ಲಿ ಕೆನ್ನೆ ತಿಳಿಯಾಯಿತು. ಮುಂದಿನ ಚಳಿಗಾಲದ ಹೊತ್ತಿಗೆ ಮೊಣಕೈ. ಅವಳು ಮೊದಲ ಸಲ ತೋಳಿಲ್ಲದ ಫ್ರಾಕು ಹಾಕಿಕೊಂಡು ಬೀದಿಯಲ್ಲಿ ಓಡಿದ ದಿನ ನಾನು ಅಡಿಗೆಮನೆಯಲ್ಲಿ ಕೂತು ಅತ್ತೆ.

ಓಳಿಯಲ್ಲಿ ಓದುವ ಆ ರಾಜನ ಕಥೆ ಅವಳಿಗೆ ಬಾಯಿಪಾಠವಾಗಿತ್ತು. ಮೈತುಂಬ ರೋಗ ಹೊತ್ತ ರಾಜ, ಅವನ ಜೊತೆ ಆಯಂಬಿಲ ಮಾಡಿದ ಹೆಂಡತಿ, ಚಿನ್ನದ ಹಾಗೆ ಹೊಳೆದ ಮೈ. "ಅಮ್ಮಾ, ನಾನೂ ಆ ರಾಜನ ಥರಾನೇ ಅಲ್ವಾ?" ಎಂದು ಕೇಳುತ್ತಿದ್ದಳು. ಹೌದು ಎಂದೆ. ಯಾವ ತಾಯಿ ಇಲ್ಲ ಎನ್ನುತ್ತಾಳೆ? ಬೇರೆ ಹುಡುಗಿಯರು ಐಸ್‌ಕ್ರೀಮಿಗೆ ಸಾಲು ನಿಂತಾಗ ಇವಳು ಉಪಾಶ್ರಯಕ್ಕೆ ಹೋಗಿ ಸಾಧ್ವಿಯರ ಕಾಲಬಳಿ ಕೂರುವಳು. ಅಲ್ಲಿ ಎಲ್ಲರೂ ಅವಳನ್ನು ಹೊಗಳುವರು, ಇಷ್ಟು ಚಿಕ್ಕ ವಯಸ್ಸಿಗೆ ನಾಲಿಗೆ ಗೆದ್ದಿದ್ದಾಳೆ ಎಂದು. ನಾಲಿಗೆ ಗೆದ್ದದ್ದು ಅವಳಲ್ಲ, ಒಲೆ ಮುಂದೆ ಕೂತು ನಾನು ಗೆಲ್ಲಿಸಿದ್ದು. ನಾಲಿಗೆಯ ಆಸೆ ಬಿಡಿಸಿದೆ, ಅವಳು ಉಳಿದದ್ದನ್ನೂ ಬಿಟ್ಟಳು. ಕಾಲೇಜು ಮುಗಿಸಿ ದೀಕ್ಷೆ ಬೇಕೆಂದು ನಿಂತಳು. ಕಥೆಯಲ್ಲಿ ರಾಜ ಗುಣವಾದ ಮೇಲೆ ತನ್ನ ರಾಜ್ಯಕ್ಕೆ, ತನ್ನ ಹೆಂಡತಿಯ ಜೊತೆಗೇ ಹಿಂದಿರುಗುತ್ತಾನೆ. ಗುಣವಾದವರು ಹೊರಟುಹೋಗುತ್ತಾರೆ ಎಂದು ಅದರಲ್ಲಿ ಎಲ್ಲೂ ಬರೆದಿಲ್ಲ.

ಶ್ರಾವಣದಲ್ಲಿ ವಂದನೆಗೆಂದು ಖಂಭಾತಕ್ಕೆ ಬಂದಾಗ ನಿಮ್ಮನ್ನು ನೋಡಿದೆನಲ್ಲ, ಆ ದಿನದಿಂದ ನನಗೆ ಊಟ ಸೇರುತ್ತಿಲ್ಲ. ನೀವು ಪಾಟದ ಹಲಗೆಯ ಮೇಲೆ ನೆಟ್ಟಗೆ ಕೂತಿದ್ದಿರಿ, ಎರಡು ಕೈಯಲ್ಲೂ ಉಣ್ಣೆಯ ಕುಂಚ ಓಘೋ ಹಿಡಿದು. ಬೇರೆಯವರಿಗೆ ಅದು ಭಕ್ತಿಯ ಹಾಗೆ ಕಂಡಿರಬೇಕು. ಕೆರೆದುಕೊಳ್ಳಬಾರದೆಂದು ಹಾಗೆ ಹಿಡಿದಿದ್ದಿರಿ, ಕಾಲುಚೀಲ ಕಟ್ಟಿದವಳಿಗೆ ಅಷ್ಟೂ ತಿಳಿಯದೇ? ಆ ಉಣ್ಣೆಯ ಎಳೆಗಳು ಬಿರುಕು ಬಿಟ್ಟ ಬೆರಳಿಗೆ ತಾಗುತ್ತಿದ್ದವು, ಹೆಗಲಿಗೆ ಉಣ್ಣೆಯ ಕಂಬಳಿ. ಗೋಚರಿಯ ಭಿಕ್ಷೆಗೆ ಹೋದರೆ ಮನೆಮನೆಯವರೂ "ಲಾಭ ಕೊಡಿ ಸಾಹೇಬ್, ಲಾಭ ಕೊಡಿ" ಎಂದು ಬೇಡ ಬೇಡವೆಂದರೂ ಪಾತ್ರೆಗೆ ತುಪ್ಪದ ರೊಟ್ಟಿ, ಹಾಲಿನ ಸಿಹಿ ಸುರಿಯುತ್ತಾರೆ. ಅವರ ಪುಣ್ಯವೆಲ್ಲ ನಿಮ್ಮ ಮೊಣಕೈಯಲ್ಲಿ ಒಸರುತ್ತಿದೆ. ಅದನ್ನು ತಪ್ಪಿಸಲು ನೀವು ಬಿಡದೆ ಆಯಂಬಿಲ ಹಿಡಿದಿದ್ದೀರಿ ಎಂದು ನಿಮ್ಮ ಜೊತೆಯ ಸಾಧ್ವಿ ಹೇಳಿದರು. ಅದರಿಂದ ಒಸರುವುದು ಒಂದಿಷ್ಟು ಕಡಿಮೆ, ಆದರೆ ಹಣ್ಣಿಲ್ಲ, ಕಾಯಿಲ್ಲ, ಮೈಯಲ್ಲಿ ಜೀವವೇ ಇಲ್ಲ, ಚರ್ಮ ಕಾಗದದ ಹಾಗೆ ಒಡೆಯುತ್ತಿದೆ. ಡಾಕ್ಟರು ಕೊಟ್ಟ ಮುಲಾಮನ್ನು ಹಚ್ಚುತ್ತಿದ್ದೀರಿ ಎಂದೂ ಹೇಳಿದರು, ಅದೊಂದು ಸಮಾಧಾನ. ನಾನು ಬಾಯಿ ತೆಗೆಯುವ ಮೊದಲೇ ನೀವು, ಯಾವ ಗೃಹಸ್ಥೆಗಾದರೂ ಹೇಳುವ ಹಾಗೆ, "ಶ್ರಾವಿಕಾ, ಹಳೇ ಕರ್ಮ ಇದು, ಸವೆದು ಹೋಗ್ತಾ ಇದೆ, ಹೋಗ್ಲಿ ಬಿಡಿ" ಎಂದಿರಿ. ಕರ್ಮ ಸವೆಯುವುದು ನನಗೆ ಕಾಣಲಿಲ್ಲ. ಸವೆಯುತ್ತಿದ್ದವಳು ಕಂಡಳು.

ತುಪ್ಪದ್ದೂ ಅಲ್ಲದ, ಬರಿ ಒಣದೂ ಅಲ್ಲದ ಊಟ ದಿನಾ ಬೇಯುವುದು ನನಗೆ ತಿಳಿದಂತೆ ಒಂದೇ ಮನೆಯಲ್ಲಿ. ನೀವು ಹೋದ ಮೇಲೂ ನಾನು ಅದನ್ನು ನಿಲ್ಲಿಸಲಿಲ್ಲ. ಸಾಧುಗಳಿಗಾಗಿ ಮಾಡಿದ್ದನ್ನು ಸಾಧುಗಳು ತೆಗೆದುಕೊಳ್ಳುವ ಹಾಗಿಲ್ಲ, ಮನೆಯವರು ತಮಗಾಗಿ ಮಾಡಿಕೊಂಡದ್ದರಲ್ಲಿ ಮಾತ್ರ ಒಂದು ತುತ್ತು. ಹಾಗಾದರೆ ಈ ಮನೆ ದಿನಾ ಅದನ್ನೇ ಉಣ್ಣಲಿ, ಎಂದಾದರೂ ಒಂದು ದಿನ ನೀವು ಬಾಗಿಲಿಗೆ ಬಂದರೆ ದೋಷವಿಲ್ಲದ ಊಟ ಒಲೆಯ ಮೇಲಿರಲಿ ಎಂದುಕೊಂಡೆ. ಹೋದ ವರ್ಷ ಬೇಸಿಗೆಯಲ್ಲಿ ಆ ದಿನ ಬಂತು. ದೊಡ್ಡ ಮಹಾರಾಜ್ ಮುಂದೆ, ನೀವು ಹಿಂದೆ, ಹೊಸಿಲ ಹೊರಗಿನಿಂದ "ಧರ್ಮಲಾಭ" ಎಂದಿರಿ. ನೀವು ಕೆಂಪು ಪಾತ್ರೆಯ ಮುಚ್ಚಳ ತೆಗೆದದ್ದೂ ಆಯಿತು. ಅಷ್ಟರಲ್ಲಿ ನಿಮ್ಮ ತಂದೆ, ಸಂತೋಷ ತಡೆಯಲಾರದ ಮನುಷ್ಯ, "ಬನ್ನಿ ಸಾಹೇಬ್, ನಿಮಗೋಸ್ಕರ ಅಂತ್ಲೇ ಬೆಳಿಗ್ಗೆಯಿಂದ ಒಲೆ ಬಿಟ್ಟು ಎದ್ದಿಲ್ಲ ಇವ್ಳು" ಎಂದುಬಿಟ್ಟರು. ದೊಡ್ಡ ಮಹಾರಾಜ್ ನಿಮ್ಮ ಪಾತ್ರೆಯ ಮೇಲೆ ಕೈಯಿಟ್ಟರು. ನಾನು ಓಡಿಬಂದು, ಇಲ್ಲ ಸಾಹೇಬ್, ಇದು ನಮ್ಮ ದಿನದ ಅಡಿಗೆ, ಬೇಕಾದರೆ ಸೊಸೆಯನ್ನು ಕೇಳಿ ಎಂದೆ. ಅವರು ಮೆತ್ತಗೆ ಕೇಳಿದರು, "ಇರಬಹುದು ಶ್ರಾವಿಕಾ. ಇವತ್ತು ಒಂದು ಹಿಡಿನೂ ಹೆಚ್ಚಿಗೆ ಹಾಕಿಲ್ವಾ?" ನೀವು ನನ್ನ ಮುಖ ನೋಡಿದಿರಿ. ನಿಮ್ಮ ಮುಂದೆ ಸುಳ್ಳಾಡಲು ನಾಲಿಗೆ ಏಳಲಿಲ್ಲ. ನೀವಿಬ್ಬರೂ ಮೆಟ್ಟಿಲಿಳಿದು ಎದುರು ಮನೆಗೆ ಹೋದಿರಿ. ಅಲ್ಲಿ ಅವರು ನಿಮ್ಮ ಪಾತ್ರೆಗೆ ತುಪ್ಪ ಹಾಕಿದ್ದನ್ನು ನಾನು ಕಿಟಕಿಯಿಂದ ನೋಡಿದೆ. ನಮ್ಮ ಪಾತ್ರೆಯ ಹೆಸರುಕಾಳನ್ನು ಅವತ್ತು ಯಾರೂ ಮುಟ್ಟಲಿಲ್ಲ, ಹಸುವಿಗೆ ಹಾಕಿದೆವು. ನಿಮ್ಮ ತಂದೆ ಈಗ ಯಾವ ಸಾಧುಗಳು ಬಂದರೂ ಬಾಯಿಗೆ ಕೈ ಅಡ್ಡ ಹಿಡಿದು ಮೂಲೆಯಲ್ಲಿ ನಿಲ್ಲುತ್ತಾರೆ.

ಕಾರ್ತಿಕ ಹುಣ್ಣಿಮೆ ಕಳೆದ ಮೇಲೆ ನಿಮ್ಮ ಕಾಲ್ನಡಿಗೆಯ ವಿಹಾರ ಶಂಖೇಶ್ವರ ತೀರ್ಥದ ಕಡೆಗೆ, ನಡುವೆ ನಮ್ಮ ಊರಿನಲ್ಲಿ ಒಂದು ದಿನದ ತಂಗು ಎಂದು ಸಂಘದವರು ಹೇಳಿದರು. ಬನ್ನಿ ಎಂದು ಕರೆಯುತ್ತಿಲ್ಲ, ಕರೆದರೆ ಅದೂ ಒಂದು ದೋಷ. ಒಂದು ಹೊತ್ತಿನ ಊಟದಿಂದ ಇಸುಬು ಹೋಗುವುದಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ಮರುದಿನ ಮತ್ತೊಂದು ಊರು, ಮತ್ತೊಂದು ಬಾಗಿಲು, ಮತ್ತದೇ ಲಾಭ. ಮೊದಲೆಲ್ಲ ಯಾವುದೋ ಒಂದು ದಾರಿ ಸಿಕ್ಕೀತು ಎಂದುಕೊಳ್ಳುತ್ತಿದ್ದೆ. ಈಗ ಆ ಆಸೆ ಇಲ್ಲ. ನಿಮ್ಮನ್ನು ಗುಣಪಡಿಸುವುದು ನನ್ನಿಂದ ಇನ್ನಾಗದು. ಒಂದು ಸಲ ಹೊಟ್ಟೆಗೆ ಹಿತವಾದದ್ದು ಬೀಳಲಿ ಎಂಬುದಷ್ಟೇ ಉಳಿದಿದೆ.

ದೊಡ್ಡ ಮಹಾರಾಜ್ ಸಾಹೇಬರಿಗೆ ನಮ್ಮೆಲ್ಲರ ವಂದನೆ ತಿಳಿಸಿ. ಕೃಪಲ್ ಕೈಮುಗಿದಿದ್ದಾಳೆ. ನಿಮ್ಮ ತಂದೆ ಏನಾದರೂ ಬರೆಯಲೇ ಎಂದರೆ, "ನಾನು ಸುಮ್ನಿದೀನಿ ಅಂತ ಬರಿ" ಎಂದರು. ಹರಸುವ ಅಧಿಕಾರ ಈಗ ನಿಮ್ಮದು, ನನ್ನದಲ್ಲ. ಮನಸ್ಸಿನಲ್ಲೇ ಹರಸಿದ್ದನ್ನು ಯಾರೂ ಲೆಕ್ಕ ಕೇಳುವುದಿಲ್ಲ.

ಮತ್ಥಏಣ ವಂದಾಮಿ.

ನಿಮ್ಮ ಸಂಸಾರಿ ತಾಯಿ
ಕುಂದನ್

ಮರೆತದ್ದು: ನೀವು ಊರಿಗೆ ಬರುವ ದಿನ ನಾನು ಮನೆಯಲ್ಲಿರುವುದಿಲ್ಲ. ಬೆಳಗಿನ ಬಸ್ಸಿಗೆ ನಿಮ್ಮ ತಂದೆಯನ್ನೂ ಕರೆದುಕೊಂಡು ಪಾಟಡಿಗೆ ತಂಗಿಯ ಮನೆಗೆ ಹೋಗುತ್ತೇನೆ. ಊಟದ ಹೊತ್ತಿಗೆ ಬರುತ್ತೇವೆ, ನಮ್ಮ ಪಾಲೂ ಹಾಕು ಎಂದು ಕೃಪಲ್‌ಗೆ ಸುಳ್ಳು ಹೇಳಿ ಹೋಗುತ್ತೇನೆ. ಅವಳು ಅಳತೆ ಬಟ್ಟಲಲ್ಲಿ ದಿನದ ಹಾಗೆ ಅಳೆದು ಹಾಕುವವಳು, ನನ್ನ ಹಾಗೆ ಕೈ ಮೀರಿ ಸುರಿಯುವವಳಲ್ಲ. ನಾವಿಬ್ಬರು ಬರುವುದಿಲ್ಲ, ಬಾಗಿಲಿಗೆ ಬರುವವರೂ ಇಬ್ಬರು. ಅದು ನಮಗಾಗಿ ಮಾಡಿದ್ದು, ನಿಮಗಾಗಿ ಮಾಡಿದ್ದಲ್ಲ, ಒಂದು ಹಿಡಿಯೂ ಹೆಚ್ಚಿಲ್ಲ.

ಬರೆದದ್ದನ್ನು ಈಗ ಓದಿ ನೋಡಿದೆ. ಇಷ್ಟೆಲ್ಲ ಯೋಚಿಸಿ ಇಟ್ಟದ್ದು ನಿನಗಾಗಿ ಅಲ್ಲದೆ ಇನ್ನಾರಿಗಾಗಿ? ಇದು ನಿನ್ನ ಕೈ ಸೇರಿದರೆ ನೀನು ನಮ್ಮ ಬೀದಿಗೇ ಬರುವಂತಿಲ್ಲ. ಹಾಗಾಗಿ ಈ ಪತ್ರ ಹಾಕುವುದಿಲ್ಲ, ಸುಖಶಾತೆ ಕೇಳಿ ಒಂದು ಕಾರ್ಡು ಹಾಕುತ್ತೇನೆ. ನೀನು ಬಾಗಿಲಲ್ಲಿ ನಿಂತಾಗ ನಾನೇಕೆ ಇರಲಿಲ್ಲವೆಂದು ನಿನಗೆ ಎಂದೂ ತಿಳಿಯುವುದಿಲ್ಲ. ದೋಷದ ಪಾಲು ನನಗಿರಲಿ. ಉಣ್ಣು, ಮಗಳೇ.