ಕಟ್ಟರ್ ನನ್ನ ಜೇಬಿನಲ್ಲಿತ್ತು

ಮಾರ್ಚ್ 3
ಸೂಪರ್‌ವೈಸರ್ ನನ್ನ ಅಣ್ಣನ ದವಡೆಗೆ ಗುದ್ದಿದ್ದಾನೆ. ಲೋಡಿಂಗ್ ಶೆಡ್ಡಿನಲ್ಲಿ, ನಾಲ್ಕು ಜನರೆದುರು. ಕುಡಿಯಲು ನೀರು ಕೇಳಿದ್ದಕ್ಕೆ. ನಾನು ಕೆಲಸ ಮಾಡುವ ಪ್ಯಾಕಿಂಗ್ ವಿಭಾಗದ ಕಿಟಕಿಯಿಂದ ನಾನೇ ನೋಡಿದೆ. ತಂಗಿಯ ಮಾತು ಯಾರಿಗೆ ಬೇಕು? ಆ ನಾಲ್ವರೂ 'ಮೆಟ್ಟಿಲಿಂದ ಬಿದ್ದ' ಅನ್ನುತ್ತಾರೆ. ಅಣ್ಣನೂ ಅದನ್ನೇ ಅನ್ನುತ್ತಾನೆ!

ಫ್ಯಾಕ್ಟರಿ ಕಾಂಪೌಂಡರ್ ಬರೀ ಊತ ಅಂತ ಮಾತ್ರೆ ಕೊಟ್ಟು ಕಳಿಸಿದ. ಮನೆಯಲ್ಲಿ ಬ್ರೆಡ್ ಕಚ್ಚಲು ಹೋದರೆ ಹಲ್ಲಿಗೆ ಹಲ್ಲು ಕೂಡುತ್ತಿಲ್ಲ. ಕೆಳತುಟಿ ಜೋಮು. ನಾಲಿಗೆಯಡಿ ಕಪ್ಪಗೆ ರಕ್ತ. ಇದು ಊತವೇ?

ಮಾರ್ಚ್ 4
ದೊಡ್ಡಾಸ್ಪತ್ರೆ. ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದರು. ಎರಡು ಕಡೆ ಮುರಿದಿದೆ. ಎಡಕ್ಕೆ ಕೋರೆಹಲ್ಲಿನ ಹಿಂದೆ, ಬಲಕ್ಕೆ ಕಿವಿಯ ಮುಂದಿನ ಕೀಲಿನ ಕೆಳಗೆ.

"ಒಂದೇ ಏಟಿಗೆ ಎರಡಾ?" ಬಾಯಿ ಜಾರಿತು.

"ದವಡೆ ಬಳೆ ಇದ್ದ ಹಾಗಮ್ಮ. ಇಲ್ಲಿ ಪೆಟ್ಟು ಬಿದ್ರೆ ಅಲ್ಲೂ ಬಿರಿಯುತ್ತೆ. ಒಂದು ಸಿಕ್ಕರೆ ಇನ್ನೊಂದನ್ನ ಹುಡುಕಲೇಬೇಕು."

ಎಡಗಡೆಯದು ಒಸಡು ಹರಿದು ಬಾಯಿಯೊಳಕ್ಕೆ ತೆರೆದುಕೊಂಡಿದೆ — ಅದಕ್ಕೆ ಪ್ಲೇಟು, ಸ್ಕ್ರೂ. ಬಲಗಡೆಯದು ಮುಚ್ಚಿದ ಮುರಿತ, ಜರುಗಿಲ್ಲ. ಅಲ್ಲಿ ಕೊಯ್ಯುವುದಿಲ್ಲ, ಮೇಲಿನ ಹಲ್ಲಿಗೂ ಕೆಳಗಿನ ಹಲ್ಲಿಗೂ ತಂತಿ ಬಿಗಿದು ಎರಡು ವಾರ ಬಾಯಿ ಕಟ್ಟುತ್ತಾರೆ.

ಆಮೇಲೆ ಅಣ್ಣನ ಗದ್ದ ಎತ್ತಿ ನೋಡಿದರು. "ಬಿದ್ದೆ ಅಂತೀಯ. ಗದ್ದ ಚೂರೂ ತರಚಿಲ್ವಲ್ಲಪ್ಪ?"

ಅಣ್ಣ ಗೋಡೆ ನೋಡಿದ. ನನಗೆ ಮೈಯೆಲ್ಲ ಉರಿ.

ಮಾರ್ಚ್ 8
ಆರನೇ ತಾರೀಕು ಆಪರೇಷನ್ ಮಾಡಿ, ತಂತಿಯನ್ನೂ ಬಿಗಿದರು. ಇವತ್ತು ಮನೆಗೆ ಬಂದೆವು. ಸ್ಟ್ರಾ, ಹಾಲು, ಸೋಸಿದ ಸೂಪು. ನರ್ಸ್ ಪುಟ್ಟ ಕಟ್ಟರ್ ಕೊಟ್ಟರು: "ವಾಂತಿಯಾಗಿ ಉಸಿರು ಕಟ್ಟಿದ್ರೆ ತಕ್ಷಣ ತಂತಿ ಕತ್ತರಿಸಿ. ಇದು ಸದಾ ಅವರ ಪಕ್ಕದಲ್ಲೇ ಇರ್ಲಿ." ನಾನೇ ಜೇಬಿಗಿಳಿಸಿದೆ. ಇನ್ಯಾರನ್ನು ನಂಬಲಿ?

ಅಮ್ಮ: "ಹುಟ್ಟಿದಾಗಿಂದ ಇಷ್ಟು ಹೊತ್ತು ನೀನು ಬಾಯಿ ಮುಚ್ಚಿದ್ದು ಇದೇ ಮೊದಲು ಕಣೋ." ಅಣ್ಣ ಮೂಗಿನಲ್ಲೇ ನಕ್ಕ. ನೋವಾಯಿತು, ಪಾಪ.

ಕರಪತ್ರ ಬರೆಯುತ್ತಿದ್ದೇನೆ. ಅಣ್ಣನ ಹೆಸರಿನಲ್ಲಿ. 'ನನ್ನ ದವಡೆ ಮುರಿದವನು ಯಾರು ಗೊತ್ತೇ, ಗೆಳೆಯರೇ...' ನಾನು ಓದಿದ ಯಾವ ಕರಪತ್ರಕ್ಕೂ ಕಡಿಮೆಯಿಲ್ಲ. ಕಾಲು ನಿಂತಲ್ಲಿ ನಿಲ್ಲುತ್ತಿಲ್ಲ.

ಮಾರ್ಚ್ 12, ಸಂಜೆ


ಬೆಳಿಗ್ಗೆ ರಜೆ ಹಾಕಿ ಫ್ಯಾಕ್ಟರಿ ಗೇಟಿನಲ್ಲಿ ಕರಪತ್ರ ಹಂಚಿದೆ. ಒಂದೇ ಉಳಿದಿತ್ತು. ಹಾರುತ್ತ ಮನೆಗೆ ಬಂದರೆ — ಅಣ್ಣ ನೆಲಕ್ಕೆ ಬಗ್ಗಿದ್ದಾನೆ. ವಾಂತಿ. ಅಮ್ಮ ಅವನ ತಲೆ ತಗ್ಗಿಸಿ ಹಿಡಿದು, ಕೆನ್ನೆಯೊಳಗೆ ಬೆರಳು ತೂರಿಸುತ್ತಿದ್ದಾಳೆ.

"ಕಟ್ಟರ್ ಎಲ್ಲೇ?!"

ನನ್ನ ಜೇಬಿನಲ್ಲಿ. ಗೇಟಿನವರೆಗೂ ಹೋಗಿ ಬಂದಿತ್ತು.

ಕುಡಿದದ್ದು ಬರೀ ಹಾಲು. ತಂತಿ ಕತ್ತರಿಸುವ ಮೊದಲೇ ಹಲ್ಲಿನ ಸಂದಿಯಿಂದ ಹೊರಗೆ ಬಂತು. ಅಣ್ಣ ಉಳಿದ.

ಕಟ್ಟರ್ ಎಳೆದಾಗ ಕರಪತ್ರವೂ ಬಿದ್ದಿತ್ತು. ಸುಧಾರಿಸಿಕೊಂಡು ಓದಿದ. ಬಿಗಿದ ಹಲ್ಲಿನ ನಡುವಿನಿಂದಲೇ ಅಂದ: "ಅವನು ನನ್ ಬಾಯಿ ಮುರಿದ. ನೀನು ಕಿತ್ಕೊಂಡೆ. ಕೇಳಿದ್ಯಾ ನನ್ನ?"

ಮಾರ್ಚ್ 20
ಇಷ್ಟು ದಿನ ಬರೆಯಲಾಗಲಿಲ್ಲ. ಕಟ್ಟರ್ ಅಣ್ಣನ ದಿಂಬಿನ ಪಕ್ಕದಲ್ಲಿತ್ತು.

ಇವತ್ತು ತಂತಿ ಬಿಚ್ಚಿದರು. ಬಾಯಿ ಎರಡು ಬೆರಳಷ್ಟು ತೆರೆಯುತ್ತದೆ. ಹಲ್ಲಿಗೆ ಹಲ್ಲು ಕೂಡುತ್ತಿದೆ. ಡಾಕ್ಟರಮ್ಮ ಮತ್ತೆ ಕೇಳಿದರು: "ಹೇಗಾಯ್ತಪ್ಪ ಇದು?" ಉತ್ತರ ನನ್ನ ನಾಲಿಗೆ ತುದಿಗೆ ಬಂದಿತ್ತು. ನುಂಗಿದೆ.

ಅಣ್ಣನೇ ಅಂದ: "ಗುದ್ದಿದ್ರು ಮೇಡಂ. ಸೂಪರ್‌ವೈಸರ್ರು."

ದಾರಿಯಲ್ಲಿ ಅಣ್ಣ ನಿಧಾನಕ್ಕೆ ಅಂದ: "ಮ್ಯಾನೇಜರ್ ಎದುರಿಗೂ ಇದನ್ನೇ ಹೇಳ್ತೀನಿ. ನೀನು ಪಕ್ಕದಲ್ಲಿ ನಿಂತ್ಕೊ. ಮಾತಾಡ್ಬೇಡ."

"ಒಂದೇ ಒಂದು ಮಾತು?"

"ನಿನಗೂ ತಂತಿ ಕಟ್ಟಿಸ್ಲಾ?"

ಆ ನಾಲ್ವರಲ್ಲಿ ಒಬ್ಬ ಸಾಕ್ಷಿಗೆ ಬರುತ್ತಾನಂತೆ. ಮಿಕ್ಕವರು... ನೋಡೋಣ. ಸೋಮವಾರ, ಬೆಳಿಗ್ಗೆ ಏಳೂವರೆ, ಅಣ್ಣ 'ಬಿದ್ದ' ಅದೇ ಮೆಟ್ಟಿಲ ಹತ್ತಿರ, ಮ್ಯಾನೇಜರ್ ಎದುರು ನಿಲ್ಲುತ್ತೇವೆ.