ಹಿಂದಿನ ಕಾರಿನಲ್ಲಿ ಕುಳಿತವಳಿಗೆ

ಪ್ರೀತಿಯ ಕಾವ್ಯಾ,

ರಾಣೇಬೆನ್ನೂರಿನಿಂದ ನಿನ್ನ ಸೋದರಮಾವ ಉಡಚಪ್ಪ ಬರೆಯುತ್ತಿದ್ದೇನೆ. ಫೋನ್ ಇರುವಾಗ ಪತ್ರವೇಕೆ ಎಂದು ನಗಬೇಡ. ಎದುರಿಗೆ ಹೊಗಳಿದರೆ ನೀನು ಮಾತು ಮರೆಸುತ್ತೀ.

ಲಾರಿಗಳಿಗೆ ಮಡ್‌ಗಾರ್ಡ್ ಮಾಡುತ್ತಲೇ ತಲೆ ನರೆತವನು ನಾನು. ಮಳೆನೀರು ಸಿಡಿಯದ ಹಾಗೆ ನಿಮ್ಮ ಕಾಲೇಜಿನ ರೇಸ್ ಕಾರುಗಳ, ಮೇಲೆ ಮುಚ್ಚಿಗೆಯಿಲ್ಲದ ಬೋಳು ಚಕ್ರಗಳಿಗೂ ಮಾಡಿಕೊಡಲು ನೀನು ಕೇಳಿದಾಗ, ಇದೇನು ಮಹಾ ಎಂದುಕೊಂಡೆ. ಅವು ಪಾಸಾದರೆ, ಮಳೆ ಬಂದರೂ ಭಾನುವಾರ ಹುಡುಗರ ರೇಸು ನಡೆಯುವುದಿತ್ತು.

ಮೋಟೆಬೆನ್ನೂರಿನ ಹತ್ತಿರ, ಇನ್ನೂ ವಾಹನ ಬಿಡದ ಹೊಸ ರಸ್ತೆಯಲ್ಲಿ ಪರೀಕ್ಷೆ. ಮಳೆ ಧೋ ಎನ್ನುತ್ತಿತ್ತು. ಮಡ್‌ಗಾರ್ಡ್ ಹಾಕಿದ ಕಾರನ್ನು ನೀನು ನಿನ್ನ ಗೆಳೆಯ ಚನ್ನೇಶನಿಗೆ ಕೊಟ್ಟು, ಹಿಂದೆ ಬರುವ ಇನ್ನೊಂದು ರೇಸ್ ಕಾರನ್ನು ಓಡಿಸಲು ನೀನೇ ಕುಳಿತೆ.

"ನೀರು ಸಿಡಿಯೂದು ಹಿಂದ ಬರಾವ್ರ ಮ್ಯಾಲ, ಮಾಮಾ. ಅಲ್ಲಿ ಕುಂತು ನೋಡಿದ್ರನ ಗೊತ್ತಾಗ್ತೈತಿ" ಎಂದೆ.

ಬದಿಯಲ್ಲಿ ನಿಂತು ಚಕ್ರಗಳನ್ನೇ ನೋಡುತ್ತಿದ್ದ ನಮಗೆ ನೀರು ಮೇಲೆ ಹಾರಿದ್ದು ಕಾಣಲಿಲ್ಲ. ಹುಡುಗರು ಚಪ್ಪಾಳೆ ತಟ್ಟಿದರು. ನಾನಂತೂ ಮೀಸೆ ತಿರುವಿದೆ. ನೀನು ಬಂದು ಹೆಲ್ಮೆಟ್ ತೆಗೆದೆ. ಮುಖ ಬಿಳುಚಿತ್ತು.

"ಏನೂ ಕಾಣ್ಸಲಿಲ್ಲ, ಮಾಮಾ. ನೀರು ಗಾಡಿ ಹೊಟ್ಟಿ ಕೆಳಗಿಂದನೂ ಏಳ್ತೈತಿ. ಮಳಿಯಾಗ ಯಾರೂ ಓಡಸೂದು ಬ್ಯಾಡ."

ಹುಡುಗರ ಮುಖ ಬಾಡಿತು. ನನಗೂ ಮುಖಕ್ಕೆ ಹೊಡೆದಂತಾಯಿತು, ಸುಳ್ಳೇಕೆ ಹೇಳಲಿ?

ನೀನು ಬ್ಯಾಡಗಿಯ ಮನೆಗೆ ಹೋದ ಮೇಲೆ ಚನ್ನೇಶನನ್ನು ಅದೇ ಮಡ್‌ಗಾರ್ಡ್ ಕಾರಿನಲ್ಲಿ ಮುಂದೆ ಬಿಟ್ಟು, ನನ್ನ ಹಳೆಯ ಕಾರಿನಲ್ಲಿ ನಾನೂ ಹಿಂದೆ ಹೋದೆ. ಅಬ್ಬಾ ಕಾವ್ಯಾ! ರಸ್ತೆಯಿಲ್ಲ, ಬದಿಯಿಲ್ಲ, ಮುಂದಿನ ಕಾರಂತೂ ಇಲ್ಲವೇ ಇಲ್ಲ. ಎಲ್ಲ ಬರೀ ಬಿಳುಪು. ವೈಪರು ಸುಮ್ಮನೆ ಕೈಯಾಡಿಸುತ್ತಿತ್ತು. ಹೆದರಿ ಅಲ್ಲೇ ನಿಲ್ಲಿಸಿಬಿಟ್ಟೆ. ಮುಂದೆ ಗಾಜೂ ಇಲ್ಲದ ಆ ಪುಟ್ಟ ಕಾರಿನಲ್ಲಿ ನೀನು ರಸ್ತೆ ಮುಗಿಯುವವರೆಗೂ ಇದರೊಳಗೇ ಬಂದಿದ್ದೆಯಲ್ಲೇ! ಬಂದವಳು ಮಾಮನ ಮರ್ಯಾದೆ ನೋಡದೆ ಇದ್ದದ್ದು ಇದ್ದಂತೆ ಹೇಳಿದೆ. ನಾನು ಎತ್ತಿ ಆಡಿಸಿದ ಹುಡುಗಿ ಇವಳೇನಾ ಎಂದುಕೊಳ್ಳುತ್ತ ಆ ಮಳೆಯಲ್ಲಿ ಬಹಳ ಹೊತ್ತು ಕೂತಿದ್ದೆ.

ನಿನ್ನೆ ಭಾನುವಾರ ಮಳೆ ಬಿಡಲೇ ಇಲ್ಲ. ಕಾರುಗಳು ಶೆಡ್ಡಿನಲ್ಲಿದ್ದವು. ಹುಡುಗರು ನನ್ನ ಅಂಗಡಿಯಲ್ಲಿ ಕೂತು ಮಿರ್ಚಿ ಭಜಿ ತಿನ್ನುತ್ತ, "ಕಾವ್ಯಾ ನಮ್ಮ ರೇಸ್ ಕೆಡಿಸಿಬಿಟ್ಲ್ರಿ" ಎಂದು ನಿನ್ನನ್ನು ಬೈಯುತ್ತಿದ್ದರು. ನಾನು ಒಬ್ಬೊಬ್ಬರ ಮುಖವನ್ನೂ ನೋಡಿದೆ. ಎಲ್ಲರೂ ಇದ್ದರು, ಮೈಮೇಲೆ ಒಂದು ಗಾಯವಿಲ್ಲದೆ.

ಕಣ್ಣ ತುಂಬ ದಾರಿ ಕಾಣುತ್ತ ನೂರು ವರ್ಷ ಬಾಳು, ತಾಯಿ.

ನಿನ್ನ ಮಾಮಾ,
ಉಡಚಪ್ಪ