ಹುಸೇನಸಾಬರ ಸೋಡಾ ಬಾಟಲಿ

2 ಫೆಬ್ರುವರಿ, ರವಿವಾರ, ಬೆಳಿಗ್ಗೆ 11

ಮತ್ತೆ ಗೋಕಾಕದ ಹಳೆ ತಿಪ್ಪೆ. ಒಂದು ಶಾಯಿ ದೌತಿ, ಎರಡು ಔಷಧಿ ಶೀಶೆ. ಹಳೆ ಬಾಟಲಿ ಕೂಡಿಸುವ ನನಗೆ ಅಷ್ಟೇ ಹಬ್ಬ. ಅಲ್ಲಾಬಕ್ಷ ಕಾಕಾಗೆ ಸಾಲದು. ಅವರಿಗೆ ಬೇಕಾದದ್ದು ಒಂದೇ — ತಮ್ಮಪ್ಪ ಹುಸೇನಸಾಬರ ಕಾರ್ಖಾನೆಯ ಗೋಲಿ ಸೋಡಾ ಬಾಟಲಿ. ಗುರುವಾರ ಜೆಸಿಬಿ ಬಂದು ಜಾಗ ಸಮ ಮಾಡುತ್ತದಂತೆ. ಪ್ಲಾಟ್ ಹಾಕುತ್ತಾರೆ.

ಕಾಕಾಗೆ ಎಪ್ಪತ್ತೆರಡು ವಯಸ್ಸು. ನನಗೆ ಗುದ್ದಲಿ ಮುಟ್ಟಲು ಬಿಡುವುದಿಲ್ಲ. ಕಳೆ ತೆಗೆಯುವ ಖುರಪಿಯಿಂದ ಕೆರೆಯುತ್ತಾರೆ, ಬೂದಿ ಕಂಡರೆ ಬರಿಗೈ. "ಅವಸರ ಬ್ಯಾಡ್ರಿ ಮಾಸ್ತರ. ಈ ಬೂದಿ ಕೆಳಗ ಗಾಜ ಐತಿ." ಇತ್ತು! ಮೂವತ್ತು ವರ್ಷ ಇತಿಹಾಸ ಕಲಿಸಿದವನು ನಾನು. ಮಣ್ಣು ಓದಲು ಬರುವುದು ಇವರಿಗೆ.

4 ಫೆಬ್ರುವರಿ, ಸಂಜೆ

ಸಿಕ್ಕಿತು!! ಜೆಸಿಬಿಗೆಂದು ಜಾಲಿ ಕಡಿದಿದ್ದರು, ಹಳೆ ಬಾವಿ ಕಟ್ಟೆ ಕಾಣಿಸಿತು. ಕಾಕಾ ಅಲ್ಲಿಂದ ಹೆಜ್ಜೆ ಎಣಿಸಿ ಕೂತೇ ಬಿಟ್ಟರು. ಮೊಳದಾಳದಲ್ಲಿ ಹನ್ನೊಂದು ಬಾಟಲಿ. ಹಸಿರು ಗಾಜು, ಹುಸೇನಸಾಬರ ಹೆಸರು ಉಬ್ಬಿ ನಿಂತಿದೆ. ಆದರೆ ಎಲ್ಲದರ ಕುತ್ತಿಗೆ ಒಡೆದಿದೆ. ಗೋಲಿ ಒಂದೂ ಇಲ್ಲ.

"ಇಲ್ಲೇ ಅಂತ ಹೆಂಗ ಗೊತ್ತಾತ್ರಿ ಕಾಕಾ?"

"ನಾನ ಹುಗದಿದ್ನಿ."

ಆಗ ಕಾಕಾ ಹತ್ತು ವರ್ಷದ ಹುಡುಗ. ಗೋಲಿಯ ಆಸೆಗೆ ಅಪ್ಪನ ಬಾಟಲಿ ಒಡೆದು ಇಲ್ಲಿ ಹುಗಿಯುತ್ತಿದ್ದ. ಬಾಟಲಿ ಕಡಿಮೆ ಬಿದ್ದಾಗ ಅಪ್ಪ ಕೆಲಸದಾಳು ಸಿದ್ರಾಯನನ್ನು ಕಳ್ಳನೆಂದು ಬೀದಿಯಲ್ಲಿ ನಿಲ್ಲಿಸಿ ಬೈದು ಹೊರಹಾಕಿದರು. ಹುಡುಗ ಬಾಯಿ ಬಿಡಲಿಲ್ಲ. ಸಿದ್ರಾಯ ಈಗ ಮೂಡಲಗಿಯಲ್ಲಿ ಮಗನ ಮನೆಯಲ್ಲಿದ್ದಾರೆ, ಹಾಸಿಗೆ ಹಿಡಿದು.

"ಬರೇ ಬಾಯಿಲೆ ಹೇಳಿದ್ರ ಮುದಕಗ ಅರಳು ಮರಳು ಅಂತಾರ. ಇದನ್ನ ಒಯ್ದು ತೋರಸ್ಬೇಕ್ರಿ."

ಸಿಟ್ಟು ಬರಬೇಕಿತ್ತು, ಬರಲಿಲ್ಲ. ನಾನಾಗಿದ್ದರೆ ಜೆಸಿಬಿ ಬಂದು ಎಲ್ಲ ಮುಚ್ಚಿಹಾಕಲೆಂದು ಕಾಯುತ್ತಿದ್ದೆ.

9 ಫೆಬ್ರುವರಿ, ರವಿವಾರ, ಮೂಡಲಗಿ ಬಸ್ ಸ್ಟ್ಯಾಂಡ್

ನಾಲ್ಕು ದಿನ ಕಾಕಾ ಫೋನ್ ಎತ್ತಲಿಲ್ಲ. ಧೈರ್ಯ ಸಾಲಲಿಲ್ಲ ಅಂದುಕೊಂಡೆ. ಇಂದು ಬೆಳಿಗ್ಗೆ ತಾವೇ ಬಾಗಿಲು ಬಡಿದರು — ಇಸ್ತ್ರಿ ಅಂಗಿ, ಕೈಚೀಲದಲ್ಲಿ ಬಾಟಲಿ.

ಕಾಕಾ ಹೇಳಿದ್ದನ್ನೆಲ್ಲ ಸಿದ್ರಾಯ ಮಲಗಿಯೇ ಕೇಳಿಸಿಕೊಂಡರು. ಒಡೆದ ಅಂಚಿನ ಮೇಲೆ ಬೆರಳಾಡಿಸಿದರು. ಬೈಯಲಿಲ್ಲ. ಮಗ, ಸೊಸೆ, ಮೊಮ್ಮಕ್ಕಳು, ಬಾಜೂ ಮನೆಯವರು... ಎಲ್ಲರನ್ನೂ ಕರೆಸಿದರು. ಮಗನ ತೋಳು ಹಿಡಿದು ಎದ್ದು ಕೂತರು.

"ಈಗ ಹೇಳೋ. ಇವರೆಲ್ಲಾರ ಮುಂದ ಇನ್ನೊಮ್ಮೆ ಹೇಳು."

ನಾನಂತೂ ಹೊರಬೀಳಲು ಚಪ್ಪಲಿ ಹುಡುಕತೊಡಗಿದ್ದೆ. ಕಾಕಾ ಟೊಪ್ಪಿಗೆ ಸರಿ ಮಾಡಿಕೊಂಡು ನೆಟ್ಟಗೆ ನಿಂತರು. ಎಂಥ ಮನುಷ್ಯ! ದನಿ ಓಣಿಗೆಲ್ಲ ಕೇಳುವಷ್ಟು ಜೋರು.

"ನಾ ಹುಸೇನಸಾಬನ ಮಗ ಅಲ್ಲಾಬಕ್ಷ. ಕಳ್ಳ ಇಂವ ಅಲ್ರಿ. ಕಳ್ಳ ನಾನ."